ಹೆಸರು ಸಿಗುತ್ತಿಲ್ಲ

ಪುಂಟಾ ಅರೆನಾಸಿನಲ್ಲಿ ಗಾಳಿ ಜೋರಾದ ದಿನ
ಬೀದಿ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲೆಂದು.
ಹಾಗಾಗಿ ನಾನು ಮೊದಲು ಬೈದದ್ದು ಗಾಳಿಯನ್ನೇ.
ಆಮೇಲೆ ಕಂಬದ ತಂತಿಯನ್ನು, ಕಂಪನಿಯನ್ನು,
ಹೋದ ವಾರ ಈ ಹಳೇ ಲ್ಯಾಪ್‌ಟಾಪಿಗೆ
ಲಿನಕ್ಸ್ ಹಾಕಿಕೊಟ್ಟ ರಿಪೇರಿ ಅಂಗಡಿಯ ನಿಬಾಲ್ಡೊನನ್ನು.

ರೌಟರಿನ ಹಸಿರು ದೀಪ ಮಾತ್ರ
ಏನೂ ಆಗೇ ಇಲ್ಲವೆಂಬಂತೆ ಮಿಟುಕುತ್ತಿತ್ತು.

ಟರ್ಮಿನಲ್ಲು ತೆರೆದೆ.
ರೌಟರಿಗೊಂದು ಪಿಂಗ್: ಓ ಅಂದಿತು.
ಎಂಟು ಎಂಟು ಎಂಟು ಎಂಟಕ್ಕೆ ಇನ್ನೊಂದು:
ಎಲ್ಲಿತ್ತೋ ಏನೋ, ನಲವತ್ತೊಂಬತ್ತು ಮಿಲಿಸೆಕೆಂಡಿನಲ್ಲಿ
ಅದೂ ಓ ಅಂದಿತು.
ಹೆಸರು ಹಿಡಿದು ಕರೆದೆ. ಬ್ಯಾಂಕು. ಹವಾಮಾನ. ಏಡಿ ದರದ ಪಟ್ಟಿ.
ಹೆಸರು ಬಿಡಿಸುವಲ್ಲಿ ತಾತ್ಕಾಲಿಕ ವೈಫಲ್ಯ,
ಎಂದಿತು ಪರದೆ, ಮೂರು ಸಲವೂ ಅದೇ ಸಭ್ಯತೆಯಿಂದ.

ಒಲೆಯ ಪಕ್ಕ ಸೋದರತ್ತೆ ಎದೆಲ್ಮಿರಾ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಇವರ ತೂತಿನಿಂದ ಅವರ ತೂತಿಗೆ ತಂತಿ ಚುಚ್ಚಿದವಳು.
ಈಗ ಕೆಟಲ್ಲಿಗೆ ಅವಳ ಬಾಯಲ್ಲಿ 'ಅದು',
ಬೆಕ್ಕಿಗೆ 'ಅದು',
ಗಂಡನ ಫೋಟೊಗೆ 'ಆ ಮೀಸೆಯವರು'.
ಆದರೆ ಬೇಕರಿಯ ನಂಬರು ಕೇಳಿ: ಎರಡು ಎರಡು ಒಂದು ನಾಲ್ಕು.
ಬೇಕರಿ ಮುಚ್ಚಿ ಕಾಲವಾಯಿತು, ನಂಬರು ಬಿಸಿಯಾಗಿಯೇ ಇದೆ.

"ಏನಂತೆ ಅದಕ್ಕೆ?"
"ನಂಬರು ಹೇಳಿದರೆ ಸೇರಿಸುತ್ತೆ ಅತ್ತೆ,
ಹೆಸರು ಹೇಳಿದರೆ ಗೊತ್ತಿಲ್ಲ ಅನ್ನುತ್ತೆ."
ಅವಳಿಗೆ ಆಶ್ಚರ್ಯವೇ ಆಗಲಿಲ್ಲ.
"ಡೈರೆಕ್ಟರಿ ಯಾವ ಹುಡುಗಿಯ ಮೇಜಿನ ಮೇಲಿದೆ?
ಅವಳು ಊಟಕ್ಕೆ ಎದ್ದಿರಬೇಕು, ನೋಡು."

ನೋಡಿದೆ. ಒಂದು ಪುಟ್ಟ ಕಡತ.
ನೆತ್ತಿಯ ಮೇಲೆ ಎಚ್ಚರಿಕೆ: ಇದನ್ನು ಕೈಯಾರೆ ತಿದ್ದಬೇಡಿ.
ಕೆಳಗೆ ಒಂದೇ ಒಂದು ವಿಳಾಸ,
ನಿಬಾಲ್ಡೊನ ಅಂಗಡಿಯೊಳಗಿನದು.
ಒಂದು ವಾರದಿಂದ ಪಾಪ ಈ ಯಂತ್ರ
ಇಲ್ಲಿಲ್ಲದ ಮೇಜಿನೆದುರು ನಿಂತು
ಹೆಸರು ಕೇಳುತ್ತಿತ್ತೇ! ಅಲ್ಲ, ಮೊನ್ನೆವರೆಗೆ
ನೆನಪಿಟ್ಟದ್ದರಲ್ಲೇ ಹೇಗೋ ದೂಡಿರಬೇಕು.
ನನಗೆ ಪೂರ್ತಿ ತಿಳಿಯದು.

ಪಾಸ್‌ವರ್ಡು ಎರಡು ಸಲ ತಪ್ಪಿ,
ತಿದ್ದಿದೆ.
ಏಡಿಯ ದರ ಬಂತು. ಇಳಿದಿತ್ತು.

"ಲೈನು ಸಿಕ್ಕಿತೇನೋ, ರೊಸೆಂದೊ?"
ರೊಸೆಂದೊ ನನ್ನಣ್ಣ.
ಜಲಸಂಧಿಯ ನೀರು ಅವನನ್ನು ಹಿಂದಕ್ಕೆ ಕೊಟ್ಟಿಲ್ಲ.
ಹೊರಗೆ ಹಗ್ಗ ಕಂಬಕ್ಕೆ ಬಡಿಯುತ್ತಿತ್ತು.

ಓ, ಅಂದೆ.