ಹಲಗೆಯ ಎರಡು ಮಗ್ಗುಲು

ಅಂಗೈಯಗಲದ ಹಲಗೆ, ಮೂಲೆಯಲ್ಲೊಂದು ತೂತು.
ಹೆಣದ ಕೊರಳಿಗೆ ಕಟ್ಟಬೇಕು, ದೋಣಿ ಹೊರಡುವ ಮುಂಚೆ.
ಇದು ನನ್ನ ಕಸುಬು: ಸತ್ತವರು ದಾರಿ ತಪ್ಪದ ಹಾಗೆ
ಹೆಸರು, ತಂದೆಯ ಹೆಸರು, ವಯಸ್ಸು, ಇಳಿಯಬೇಕಾದ ಕಟ್ಟೆ.

ಇವತ್ತಿನವನು ಯೂಫ್ರಾನೋರ್,
ಕ್ರೀಟಿನಿಂದ ಬಂದ ಕುದುರೆಪಡೆಯವನ ಮಗ.
ಊರಿನ ಬಾಯಲ್ಲಿ ಪನೇವು.
ಮನೆಯೊಳಗೆ ಏನೆನ್ನುತ್ತಿದ್ದೆ, ಎಂದೆ.
ತಾಮೂಸ್ಥಾ ತುಸು ಯೋಚಿಸಿದಳು:
‘ಸಿಟ್ಟು ಬಂದಾಗ ಗ್ರೀಕ್ ಹೆಸರು,
ಉಣ್ಣಲು ಕರೆವಾಗ ನಮ್ಮದು.’

ಒಂದು ಮಗ್ಗುಲಿಗೆ ಚೂಪಾಗಿ ಸೀಳಿದ ಜೊಂಡಿನ ಲೇಖನಿ,
ಎಡದಿಂದ ಬಲಕ್ಕೆ, ಕರಕರ, ಕೋಳಿ ಕೆದಕಿದಂತೆ.
ಇನ್ನೊಂದಕ್ಕೆ, ಅಪ್ಪ ಜಗಿದು ಕುಂಚ ಮಾಡುತ್ತಿದ್ದನಲ್ಲ, ಆ ಕಡ್ಡಿ,
ಬಲದಿಂದ ಎಡಕ್ಕೆ, ಸದ್ದಿಲ್ಲದೆ.
ನಿಜ ಹೇಳಿಬಿಡುತ್ತೇನೆ, ಕುಂಚ ಬಿಟ್ಟು ಎಷ್ಟೋ ವರ್ಷ.
ನಮ್ಮ ಅಕ್ಷರವನ್ನೂ ಅವರ ಲೇಖನಿಯಲ್ಲೇ ಗೀಚುತ್ತೇನೆ.
ಬೇಗ ಮುಗಿಯುತ್ತದೆ, ಮಸಿ ಕಡಿಮೆ.
ಅಪ್ಪನಿದ್ದಿದ್ದರೆ ಬೈಯುತ್ತಿದ್ದ.
ಆಮೇಲೆ, ಬೆಲೆ ಎಷ್ಟು ಎನ್ನುತ್ತಿದ್ದ.

ವಯಸ್ಸು: ಈ ಕಡೆ ಐವತ್ತೆರಡು, ಆ ಕಡೆ ಐವತ್ತನಾಲ್ಕು.
ಅವನ ತಾಯಿ ನೈಲಿನ ನೆರೆ ಎಣಿಸಿದ್ದಳು,
ತಂದೆ ರಾಜರ ಪಟ್ಟವನ್ನು.
ಜಗಳ ಬಿಡಿಸಲು ನಾನು ಯಾರು?

ಗೆಳೆಯ ನಿಕೋಬೂಲ ಬಾಗಿಲಲ್ಲೇ ನಿಂತ:
‘ಸುಟ್ಟು, ಮೇಲಷ್ಟು ದ್ರಾಕ್ಷಾರಸ ಸುರಿದಿದ್ದರೆ
ಒಂದು ಸಂಜೆಗೆ ಮುಗಿಯುತ್ತಿತ್ತು. ಎಪ್ಪತ್ತು ದಿನ!’
ಅವಳು ಉತ್ತರ ಕೊಡಲಿಲ್ಲ.
ಅವನನ್ನು ಸುತ್ತಿದ್ದು ಅವಳೇ ನೇಯ್ದ ನಾರುಬಟ್ಟೆ.
ಎದೆಯ ಮೇಲೆ ಹಸಿರು ಕಲ್ಲಿನ ದುಂಬಿ.
ಬಾಯಿಯ ಹತ್ತಿರ ಮಾತ್ರ ಒಂದು ಉಬ್ಬು.
ಕಣ್ಣಲ್ಲೇ ಕೇಳಿದೆ.
‘ತಾಮ್ರದ ಕಾಸು. ಅವನ ಅಪ್ಪನಿಗೂ ಇಟ್ಟಿದ್ದರಂತೆ.
ಅಲ್ಲಿ ಎದೆ ತೂಗುವ ತಕ್ಕಡಿಯೋ,
ಹೊಳೆ ದಾಟಿಸುವ ಅಂಬಿಗನೋ, ಯಾರಿಗೆ ಗೊತ್ತು?
ಬರಿಗೈಲಿ ಹೋಗುವುದು ಬೇಡ.’
ನಿಕೋಬೂಲ ಮುಖ ತಿರುಗಿಸಿ
ಮೂಗೊರೆಸಿಕೊಂಡ.

ಕಟ್ಟೆಯಲ್ಲಿ ದೋಣಿಯ ಕೊಲ್ಲೂಥ
ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ:
‘ನನಗೆ ಎರಡೂ ಬರುವುದಿಲ್ಲ. ಗುರುತು ಹೇಳಿ.’
ತಾಮೂಸ್ಥಾ ಸೆರಗಿನಂಚಿನ ಕೆಂಪು ದಾರ
ಹಲ್ಲಿನಿಂದ ಕಡಿದು ತೂತಿಗೆ ಪೋಣಿಸಿದಳು.
‘ಕೆಂಪು ದಾರದವರು,’ ಅಂದ ಅವನು,
ಹೆಣಕ್ಕೆ ಬಹುವಚನ ಕೊಟ್ಟು.

ದೋಣಿ ನಡುನೀರಿಗೆ ಸರಿದಾಗ ನೆನಪಾಯಿತು,
‘ಬಾಡಿಗೆ ಸಂದಿದೆ’ ಎಂಬುದನ್ನು
ಯಾವ ಮಗ್ಗುಲಿಗೂ ಬರೆದಿಲ್ಲ.
ಕೈ ಬಾಯಿಗೆ ಹಿಡಿದು ಕೂಗಿದೆ.
ಯಾವ ಮಾತಿನಲ್ಲಿ ಕೂಗಿದೆನೋ, ಈಗಲೂ ತಿಳಿಯದು.
ಕೊಲ್ಲೂಥ ಹುಟ್ಟು ಬಿಟ್ಟು
ಒಂದು ಕೈ ಎತ್ತಿದ.