ಎಲ್ಲಾರ ಹಿಂದಿನಾಕಿ

ಮುಂದ ಝಿಲು ಗಾಂವ್ಕರ. ಕೈಯಾಗ ಕೊಯತಾ, ಬಾಯಾಗ ಎಲಿ.
ಹಿಂದ ನಾನು. ನಡುವ ಹದಿನಾರು ಮಂದಿ.
ನನ್ನ ಹಿಂದ ಯಾರೂ ಉಳೀಬಾರದು,
ಇಷ್ಟೇ ನೌಕರಿ. ದಿನಕ್ಕ ಎಂಟನೂರು, ಊಟ ಅವರದು.
ಝಿಲು ನನಗ ಶೆಂಪಡಿ ಅಂತಾನ. ಬಾಲ.
ಅನ್ನಲಿ. ಬಾಲ ಇಲ್ಲದ ದನದ ಮೈಮ್ಯಾಲಿನ ನೊಣ ಹೊಡಿಯೋರು ಯಾರು?

ವಾಳಪೈ ಬಿಟ್ಟಿದ್ದು ಮುಂಜಾನೆ ಆರಕ್ಕ.
ಸೋನಾಳದ ಆಚೆ ಟೆಂಪೊ ನಿಂದರಸಿ
ಎಲ್ಲಾರ ಕಾಲಿಗೆ ಸುಣ್ಣ-ತಂಬಾಕದ ನೀರು ಹಚ್ಚಿಸಿದೆ.
ವಾಸನಿ ಬ್ಯಾಡ ಅಂತ ಮೂಗು ಮುಚ್ಚಿದ ಪರ್ವರಿಯ ಹುಡುಗಿ
ತಾಸಿನೊಳಗ ಎರಡು ಜಿಗಳಿ ಹತ್ತಿಸಿಕೊಂಡು ಬಂದು
ತಾನೇ ಕಾಲು ಚಾಚಿದಳು.

ಮುಂದಿದ್ದವಗ ಕಾಣೋದು ಗುಡ್ಡ, ಧಬಧಬೆ, ಹಾರೋ ಹಕ್ಕಿ.
ನನಗ ಕಾಣೋದು ಹಿಮ್ಮಡ.
ಮೂವತ್ತೆರಡು ಹಿಮ್ಮಡ ನೋಡಿ ನಾ ಜಾತಕ ಹೇಳತೀನಿ:
ಬೂಟು ಹೊಸಾವು, ಮಧ್ಯಾಹ್ನದೊಳಗ ಬೊಬ್ಬಿ ಏಳತೈತಿ.
ಒಂದೇ ಮಗ್ಗಲಕ ಸವದೈತಿ, ಹಳೇ ಪೆಟ್ಟು, ಮನಿಯಾಗ ಹೇಳಿಲ್ಲ.
ಬೇಕಂತನ ಹಿಂದ ಬೀಳೋ ಜೋಡಿ ಒಂದು ಇದ್ದ ಇರತೈತಿ.
ಅಂಥವರಿಗೆ ನಾಕು ಮಾರು ಬಿಟ್ಟು
ನಾನು ಕಾಡುಕೋಣದ ಸಗಣಿ ನೋಡಿಕೋತ ನಿಂದರತೀನಿ.

ಹೊಳಿ ಬಂತು. ಆಚೆ ದಂಡಿ ಮರಕ್ಕ ಝಿಲು ಹಗ್ಗ ಕಟ್ಟಿದ.
ಇಲ್ಲಿಯವರು ಮ್ಹಾದೈ ಅಂತಾರ.
ನಮ್ಮ ಮಾವನ ಊರಾಗ ಮಹದಾಯಿ.
ಅಲ್ಲಿ ಆ ಹೆಸರು ತಗದರ ಅಂಗಡಿ ಬಾಗಿಲಾ ಹಾಕತಾರ,
ಟೈರ್ ಸುಟ್ಟ ವಾಸನಿ ಬರತೈತಿ.
ನೀರು ಎರಡೂ ಹೆಸರಿಗೆ ಓ ಅನ್ನಲಿಲ್ಲ.
ಮೊಣಕಾಲ ತನಕ ತಣ್ಣಗ ಹಿಡೀತು, ಅಷ್ಟೇ.

"ತೂಂ ಖಂಯ್ಚೆಂ?" ಅಂದರು ಫೋಂಡಾದ ಮಾಸ್ತರು,
ರಿಟೈರ್ ಆಗಿ ಹನ್ನೊಂದು ವರ್ಷ, ಹ್ಯಾಟಿನ ದಾರ ಗದ್ದದ ಕೆಳಗ.
ಹುಟ್ಟಿದ್ದು ವಾಸ್ಕೋ, ಬಾಯ್ನಾದ ಖೋಲಿಯಾಗ.
ಅಪ್ಪ ಬಂದರದಾಗ ಅದಿರು ತುಂಬಿದಾವ.
ಸಾಲಿ ಮರಾಠಿ, ಜಗಳ ಕೊಂಕಣಿ,
ಎಣಿಕಿ ಮತ್ತ ಅವ್ವನ ಬೈಗಳ ಕನ್ನಡ.
ಇಷ್ಟೆಲ್ಲಾ ಹೊಳಿ ನಡುವ ಹಗ್ಗ ಹಿಡಕೊಂಡು ಹೆಂಗ ಹೇಳೂದು?
"ಬದಾಮಿ ಕಡೆಯವರು" ಅಂದೆ.
ಮಾಸ್ತರು ನಕ್ಕರು. ನಗಿ ಅರ್ಧಕ್ಕ ನಿಂತಿತು.
"ಹಂಗಾರ ನೀವೇ ಏನವಾ, ನಮ್ಮ ಅವ್ವನ್ನ ಹೊಳ್ಳಿಸಿಕೊಂಡು ಹೋಗೋರು?"

ಹೌದು ಅನ್ನಲಾ. ಅಲ್ಲ ಅನ್ನಲಾ.
ನನ್ನ ಕೊರಳಾಗ ಅವರ ಬೂಟು, ಹೆಗಲಿಗೆ ಅವರ ಚೀಲ,
ಮುಷ್ಟಿಯಾಗ ಅವರ ಮುಂಗೈ, ನಾಡಿ ಜೋರು ಬಡೀತಿತ್ತು.
ಕಾಲ ಬುಡಕ ಪಾಚಿಗಟ್ಟಿದ ಕಲ್ಲು.
"ಎಡಗಾಲ ಮೊದಲ ಇಡ್ರಿ, ಮಾಸ್ತರ."
ಇಟ್ಟರು.

ದಂಡಿಗೆ ಕುಂದರಸಿ ಬೂಟು ಕೊಟ್ಟೆ.
ಅಷ್ಟರಾಗ ಮುಂದಿನಿಂದ ಕೂಗು: ಪರ್ವರಿಯ ಹುಡುಗಿ, ಬೊಬ್ಬಿ.
ಜಾತಕ ಸುಳ್ಳಾಗಲಿಲ್ಲ ಅನ್ನೋ ಸಣ್ಣ ಸೊಕ್ಕಿನಿಂದ
ಅರಿವೀಪಟ್ಟಿ ತಗೊಂಡು ಓಡಿದೆ.
ಊಟಕ್ಕ ಕುಂತಾಗ ಎಣಿಸಿದೆ. ಪಾವು, ಭಾಜಿ, ಹದಿನೈದು.
ಮತ್ತ ಎಣಿಸಿದೆ. ಕನ್ನಡದಾಗ, ಬಟ್ಟು ಮಡಚಿ. ಹದಿನೈದು.
ನನ್ನ ಹಿಂದ ಒಬ್ಬರು ಉಳದಿದ್ದರು.

ಬಂದ ದಾರಿ ಹಂಗ ಓಡಿದ್ದು ಅದೊಂದೇ ದಿನ.
ಮಾಸ್ತರು ಅದೇ ಕಲ್ಲಿನ ಮ್ಯಾಲ,
ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು ನೀರಾಗ.
"ಕೈಜಾರಿ ಹೋತು" ಅಂದರು.
"ಎಷ್ಟೊತ್ತು ನೋಡಿದೆ. ಪಣಜಿ ಕಡೆನ ಹೊಂಟೈತಿ.
ನಿಮ್ಮ ಕಡೆ ಅಲ್ಲ."
ಈ ಸಲ ನಗಿ ಪೂರ್ತಿ ಆತು, ಇಬ್ಬರದೂ.
ನಾ ನನ್ನ ಬಲಗಾಲ ಚಪ್ಪಲಿ ಬಿಚ್ಚಿ ಕೊಟ್ಟೆ.
ಎರಡು ಬಟ್ಟು ಗಿಡ್ಡ. ಮೆಟ್ಟಿದರು.

ಮುಂದ ಅವರು, ಹಿಂದ ನಾನು, ಏರು ದಾರಿ.
ಒಂದು ಹೆಜ್ಜಿ ಅವರ ಬೂಟು, ಒಂದು ಹೆಜ್ಜಿ ನನ್ನ ಚಪ್ಪಲಿ.
ಆರು ವರ್ಷ ಮಂದಿ ಹಿಮ್ಮಡ ನೋಡೀನಿ.
ನನ್ನದು ಹಿಂದಿನಿಂದ ಕಂಡಿದ್ದು ಅವತ್ತ:
ಹೊರಮಗ್ಗಲಕ ಓರೆಯಾಗಿ, ಬೆರಳು ತೂರುವಷ್ಟು, ಸವದಿತ್ತು.
ಯಾವ ಪೆಟ್ಟು ಅದು? ಯಾವಾಗಿನದು?

ಟೆಂಪೊದಾಗ ಎಣಿಸಿದೆ, ಹದಿನಾರು.
ಚಪ್ಪಲಿ ಕೊಡೋದು ಮಾಸ್ತರಿಗೂ ನೆನಪಾಗಲಿಲ್ಲ,
ನಾನೂ ಕೇಳಲಿಲ್ಲ.
ವಾಳಪೈ ಸ್ಟ್ಯಾಂಡಿನ ಡಾಂಬರು ಇನ್ನೂ ಬಿಸಿ ಇತ್ತು.