ತಂತಿ ಕಟ್ಟುವವನು

ಸೋಮವಾರ ಐವತ್ನಾಲ್ಕು ಪೌಂಡು ಅಂದಳು ದೇಚಮ್ಮ,
ಬುಧವಾರ ನಲವತ್ತೆಂಟು.
ಯಾಕೆ ಅಂತ ನಾನು ಕೇಳುವುದಿಲ್ಲ,
ಬೆರಳಿಗೆ ಗೊತ್ತಾಗುತ್ತದೆ.

ಕಬ್ಬನ್ ಪಾರ್ಕಿನ ಎರಡನೇ ಕೋರ್ಟು.
ಮೊದಲ ಸೆಟ್ಟು ಆರು-ಒಂದು,
ಗಿಳಿಗಳೂ ತೆಪ್ಪಗಿದ್ದವು.
ಆಮೇಲೆ ಸಾಲಾಗಿ ನಾಲ್ಕು ಡಬಲ್ ಫಾಲ್ಟು;
ಚೆಂಡು ಮೇಲೆಸೆದ ಕೈ
ಯಾರದೋ ಕೈಯಂತೆ ಅಲ್ಲೇ ನಿಂತುಬಿಟ್ಟಿತು.

ಮುಗೀತು ಈ ಹುಡುಗಿ ಕತೆ, ಅಂದರು
ಬೈಟು ಕಾಫಿ ಹೀರುತ್ತ ಕ್ಲಬ್ಬಿನವರು.
ಹೋದ ತಿಂಗಳು ಹಾರ ತಂದವರೂ ಅವರೇ.

ಕತ್ತಲಾದ ಮೇಲೆ ಬಂದಳು, ತಂತಿ ಹರಿದ ರಾಕೆಟ್ಟು.
ಅಂಚಲ್ಲಿ ಹರಿದರೆ ತಪ್ಪು ಹೊಡೆತ.
ಇದು ಹರಿದದ್ದು
ನಟ್ಟನಡುವೆ.

ಅವಳಿಗೆ ಹೇಳಲಿಲ್ಲ.
"ಎಷ್ಟಕ್ಕೆ ಕಟ್ಟಲಿ?"
"ನೀವೇ ನೋಡಿ, ಅಣ್ಣ."
ಹತ್ತೊಂಬತ್ತು ವರ್ಷ. ಮಂಡಿಯಲ್ಲಿ ಕೆಮ್ಮಣ್ಣು.
ಐವತ್ತೊಂದು ಅಂತ ಚೀಟಿ ಬರೆದು
ಯಂತ್ರಕ್ಕೆ ಸಿಕ್ಕಿಸಿದೆ.